ನೋವು ನುಂಗಿ ಓಡಬಹುದೇ?

2008ರ ಆಗಸ್ಟ್ 18. ಬೀಜಿಂಗ್ ನಗರದ 'ಹಕ್ಕಿಗೂಡು' ಕ್ರೀಡಾಂಗಣದಲ್ಲಿ ಸುಮಾರು ತೊಂಬತ್ತು ಸಾವಿರ ಜನ ಕಿಕ್ಕಿರಿದಿದ್ದರು. ನಡೆಯಬೇಕಾಗಿದ್ದುದು ಒಲಿಂಪಿಕ್ಸ್‌ನ 110 ಮೀಟರ್ ಹರ್ಡಲ್ಸ್ ಓಟದ ಮೊದಲ ಸುತ್ತು. ಮೊದಲ ಸುತ್ತನ್ನು ನೋಡಲು ಸಾಮಾನ್ಯವಾಗಿ ಯಾರೂ ಹೀಗೆ ಮುಗಿಬೀಳುವುದಿಲ್ಲ. ಆದರೆ ಅಂದು ಓಡಬೇಕಾಗಿದ್ದವನು ಲಿಯು ಷಿಯಾಂಗ್. ನಾಲ್ಕು ವರ್ಷಗಳ ಹಿಂದೆ, 2004ರಲ್ಲಿ, ಅಥೆನ್ಸ್‌ನಲ್ಲಿ 12.91 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿ ಚಿನ್ನ ಗೆದ್ದಿದ್ದವನು. 2006ರಲ್ಲಿ 12.88 ಸೆಕೆಂಡುಗಳ ಹೊಸ ವಿಶ್ವದಾಖಲೆ ಬರೆದವನು. ಅವನದೇ ದೇಶ, ಅವನದೇ ಜನ!

ಓಟಗಾರರು ಸಾಲಾಗಿ ನಿಂತರು. ಲಿಯುವಿನ ಮುಖದಲ್ಲಿ ನೋವು ಎದ್ದು ಕಾಣುತ್ತಿತ್ತು. ಬಲ ಹಿಮ್ಮಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಗುಂಡು ಹಾರಿತು. ಯಾರೋ ಒಬ್ಬ ಮೊದಲೇ ಹೊರಟಿದ್ದರಿಂದ ಮತ್ತೊಮ್ಮೆ ಗುಂಡು ಹಾರಿಸಿ ಎಲ್ಲರನ್ನೂ ಹಿಂದಕ್ಕೆ ಕರೆದರು. ಅಷ್ಟರಲ್ಲಿ ಲಿಯು ನಾಲ್ಕಾರು ಹೆಜ್ಜೆ ಹಾಕಿದ್ದ; ಅಷ್ಟೇ ಸಾಕಾಯಿತು. ತೊಡೆಗೆ ಅಂಟಿಸಿದ್ದ ಸಂಖ್ಯೆಯ ಚೀಟಿಗಳನ್ನು ಕಿತ್ತುಕೊಂಡು, ಬೆನ್ನು ತಿರುಗಿಸಿ, ಕ್ರೀಡಾಂಗಣದ ಒಳದಾರಿಯತ್ತ ಕುಂಟುತ್ತಾ ನಡೆದುಬಿಟ್ಟ. ಸ್ವಲ್ಪ ಹೊತ್ತಿನ ನಂತರ ಪತ್ರಕರ್ತರ ಮುಂದೆ ಬಂದ ಅವನ ಗುರು ಸನ್ ಹೈಪಿಂಗ್ ಮಾತು ಮುಗಿಸಲಾಗದೆ ಬಿಕ್ಕಿ ಬಿಕ್ಕಿ ಅತ್ತರು.

ಅದು ಆ ದಿನ ಆದ ಗಾಯವಲ್ಲ. ಹಲವು ವರ್ಷಗಳಿಂದ ಬಂದು ಹೋಗಿ, ಹೋಗಿ ಬಂದು ಕಾಡುತ್ತಿದ್ದ ನೋವು.

ಬೀಜಿಂಗ್‌ನಷ್ಟು ದೂರ ಹೋಗಬೇಕಾಗಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹದಿನೈದು ದಿನ ಇರುವಾಗ ಯಾವುದೇ ಪ್ರೌಢಶಾಲೆಯ ಮೈದಾನಕ್ಕೆ ಹೋದರೂ ಕುಂಟುತ್ತಾ ಓಡುವ ಒಬ್ಬ ಹುಡುಗನೋ ಹುಡುಗಿಯೋ ಸಿಕ್ಕೇ ಸಿಗುತ್ತಾರೆ. ಮೊದಮೊದಲು ಓಟದ ನಂತರ ಮಾತ್ರ ಇದ್ದ ನೋವು ಆಮೇಲೆ ಓಡುವಾಗಲೂ ಬರುತ್ತದೆ, ಕೊನೆಗೆ ಮೆಟ್ಟಿಲು ಹತ್ತುವಾಗಲೂ ಬಿಡುವುದಿಲ್ಲ. ಮನೆಯಲ್ಲಿ ಅಜ್ಜಿ ಎಣ್ಣೆ ಕಾಯಿಸಿ ನೀವುತ್ತಾರೆ. ಅಪ್ಪ ಔಷಧಿ ಅಂಗಡಿಯಿಂದ ಮಾತ್ರೆ ತರುತ್ತಾರೆ. ಶಾಲೆಯಲ್ಲಿ 'ಸ್ವಲ್ಪ ತಡ್ಕೋ, ಆಟ ಮುಗಿದ ಮೇಲೆ ನೋಡೋಣ' ಎನ್ನುತ್ತಾರೆ. ಇಲ್ಲವೇ, ಯಾರಾದರೂ ಹೆದರಿ ಓಟವನ್ನೇ ಪೂರ್ತಿ ನಿಲ್ಲಿಸಿಬಿಡುತ್ತಾರೆ. ತಡೆದುಕೊಂಡು ಓಡುವುದು ಧೈರ್ಯ, ನಿಲ್ಲುವುದು ಹೇಡಿತನ ಎಂಬ ಭಾವನೆ ಮಕ್ಕಳಲ್ಲಿ ಬಲವಾಗಿರುತ್ತದೆ. ಆದರೆ ಈ ಪ್ರಶ್ನೆಗೂ ಧೈರ್ಯಕ್ಕೂ ಅಂಥ ಸಂಬಂಧವೇನಿಲ್ಲ. ನೋಯುತ್ತಿರುವುದು ಕಾಲಿನ ಯಾವ ಭಾಗ ಎಂಬುದರ ಮೇಲೆ ಉತ್ತರ ನಿಂತಿದೆ. ಒಂದು ಭಾಗ ನೋವಿದ್ದರೂ ಕೆಲಸ ಕೇಳುತ್ತದೆ. ಇನ್ನೊಂದು ಭಾಗ ಬಿಡುವು ಕೇಳುತ್ತದೆ. ಅದಲು ಬದಲಾದರೆ ವಾರಗಳಲ್ಲಿ ಮುಗಿಯಬೇಕಾದದ್ದು ವರ್ಷಗಳಿಗೆ ಎಳೆಯುತ್ತದೆ.

ಹಿಮ್ಮಡಿಯ ಹಗ್ಗ

ಕುರ್ಚಿಯ ಮೇಲೆ ಕುಳಿತು, ಹಿಮ್ಮಡಿಯಿಂದ ಸ್ವಲ್ಪ ಮೇಲೆ, ಕಾಲಿನ ಹಿಂಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಹಿಡಿದು ನೋಡಿದರೆ ಹಗ್ಗದಂಥ ಗಟ್ಟಿ ವಸ್ತುವೊಂದು ಸಿಗುತ್ತದೆ. ಆಡುಮಾತಿನಲ್ಲಿ ಇದನ್ನು 'ನರ' ಎನ್ನುವುದುಂಟು. ಆದರೆ ಇದು ನರವೂ ಅಲ್ಲ, ರಕ್ತನಾಳವೂ ಅಲ್ಲ, ಸ್ನಾಯುರಜ್ಜು. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಎಲುಬಿಗೆ ಕಟ್ಟಿರುವ ಹಗ್ಗ ಇದು. ಅಖಿಲೀಸ್ ಎಂಬ ಗ್ರೀಕ್ ವೀರನ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಮಹಾಭಾರತದ ದುರ್ಯೋಧನನಿಗೆ ತೊಡೆ ಹೇಗೋ ಹಾಗೆ ಅಖಿಲೀಸನಿಗೆ ಹಿಮ್ಮಡಿ. ಮೈಯೆಲ್ಲಾ ವಜ್ರವಾದರೂ ಸಾವಿಗೆ ಒಂದು ದಾರಿ ಉಳಿದಿತ್ತು!

ದೇಹದ ಸ್ನಾಯುರಜ್ಜುಗಳಲ್ಲೆಲ್ಲಾ ದಪ್ಪನೆಯದು, ಬಲವಾದುದು ಇದೇ. ಆದರೂ ಇದೇ ಹೆಚ್ಚು ತೊಂದರೆ ಕೊಡುವುದೇಕೆ? ಸನ್ನೆಯ ಪಾಠ ನೆನಪಿದ್ದವರಿಗೆ ಉತ್ತರ ಸುಲಭ. ಮುಂಗಾಲಿನ ಮೇಲೆ ನಿಂತಾಗ ಪಾದ ಒಂದು ಸನ್ನೆಯಾಗುತ್ತದೆ. ಕಾಲಿನ ಗಂಟು ಅದರ ಆಧಾರ ಬಿಂದು. ಅಲ್ಲಿಂದ ನೆಲ ತಾಗುವ ಮುಂಗಾಲಿನವರೆಗೆ ಸುಮಾರು 12ರಿಂದ 15 ಸೆಂಟಿಮೀಟರ್ ದೂರ. ಆದರೆ ಅಲ್ಲಿಂದ ಹಿಂದಿನ ಹಗ್ಗಕ್ಕೆ ಇರುವ ದೂರ ಸುಮಾರು 5 ಸೆಂಟಿಮೀಟರ್ ಮಾತ್ರ. ಅಂದರೆ ನೆಲ ಎಷ್ಟು ಬಲದಿಂದ ಪಾದವನ್ನು ಮೇಲಕ್ಕೆ ತಳ್ಳುತ್ತದೆಯೋ, ಅದರ ಎರಡೂವರೆಯಿಂದ ಮೂರು ಪಟ್ಟು ಬಲದಿಂದ ಈ ಹಗ್ಗ ಎಳೆಯಬೇಕಾಗುತ್ತದೆ.

ಇನ್ನು, ಓಡುವಾಗ ನೆಲ ತಳ್ಳುವ ಬಲವೇ ದೇಹದ ತೂಕದ ಸುಮಾರು ಎರಡೂವರೆ ಪಟ್ಟು. 40 ಕಿಲೋ ತೂಗುವ ಹುಡುಗನನ್ನು ತೆಗೆದುಕೊಳ್ಳಿ. ನೆಲ ತಳ್ಳುವುದು 100 ಕಿಲೋ. ಹಗ್ಗದ ಮೇಲೆ ಬೀಳುವುದು 250ರಿಂದ 300 ಕಿಲೋ. (ಬಲವನ್ನು ನ್ಯೂಟನ್‌ಗಳಲ್ಲಿ ಹೇಳಬೇಕು, ನಿಜ, ಅಂದಾಜು ಸಿಗಲೆಂದು ಇಲ್ಲಿ ಕಿಲೋ.) ಐದಾರು ಸಿಮೆಂಟ್ ಚೀಲಗಳನ್ನು ಆ ಬೆರಳು ದಪ್ಪದ ಹಗ್ಗಕ್ಕೆ ನೇತುಹಾಕಿದಂತೆ! ಹೆಜ್ಜೆಗೆ ಒಂದೂಕಾಲು ಮೀಟರ್ ಎಂದುಕೊಂಡರೆ ಒಂದು ಕಿಲೋಮೀಟರ್‌ಗೆ 800 ಹೆಜ್ಜೆ, ಒಂದೊಂದು ಕಾಲಿಗೆ 400 ಸಲ. ದಿನಕ್ಕೆ ಮೂರು ಕಿಲೋಮೀಟರ್ ಓಡುತ್ತಿದ್ದವನು ಕ್ರೀಡಾಕೂಟ ಬಂತೆಂದು ಒಮ್ಮೆಲೇ ಆರು ಕಿಲೋಮೀಟರ್ ಓಡತೊಡಗಿದರೆ, ಆ ಹಗ್ಗಕ್ಕೆ ದಿನಕ್ಕೆ 1200 ಎಳೆತ ಹೆಚ್ಚಾಯಿತು. ಶ್ವಾಸಕೋಶ, ಹೃದಯಗಳು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಸ್ನಾಯುಗಳೂ ಬೇಗ ಬಲಿಯುತ್ತವೆ. ಹಗ್ಗ ಮಾತ್ರ ನಿಧಾನ. ಅದರೊಳಗೆ ರಕ್ತದ ಓಡಾಟವೇ ಕಡಿಮೆ. ಇರುವುದೆಲ್ಲ ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳು, ನಡುವೆ ಅಲ್ಲೊಂದು ಇಲ್ಲೊಂದು ಜೀವಕೋಶ.

ಎಷ್ಟು ನಿಧಾನ ಎಂಬುದು ತಿಳಿದದ್ದು ವಿಚಿತ್ರವಾದ ಮಾರ್ಗದಿಂದ. ಅಣುಬಾಂಬುಗಳಿಂದ! 1950ರ ದಶಕದ ಮಧ್ಯಭಾಗದಿಂದ 1963ರವರೆಗೆ ದೊಡ್ಡ ರಾಷ್ಟ್ರಗಳು ಬಯಲಿನಲ್ಲೇ ನಡೆಸಿದ ಅಣುಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆಮೇಲೆ ವರ್ಷ ವರ್ಷವೂ ಇಳಿಯುತ್ತಾ ಬಂತು. ಗಾಳಿಯ ಇಂಗಾಲ ಗಿಡಗಳಿಗೆ, ಗಿಡಗಳಿಂದ ಊಟದ ತಟ್ಟೆಗೆ, ಅಲ್ಲಿಂದ ದೇಹಕ್ಕೆ ಸೇರುತ್ತದಷ್ಟೆ. ಹೀಗಾಗಿ ದೇಹದ ಯಾವುದೇ ಭಾಗದಲ್ಲಿರುವ ಇಂಗಾಲ-14ನ್ನು ಅಳೆದರೆ, ಆ ಭಾಗ ಯಾವ ಇಸವಿಯಲ್ಲಿ ತಯಾರಾಯಿತು ಎಂದು ಹೇಳಬಹುದು. ಡೆನ್ಮಾರ್ಕಿನ ವಿಜ್ಞಾನಿಗಳು ಸತ್ತವರ ಹಿಮ್ಮಡಿ ಹಗ್ಗಗಳನ್ನು ಹೀಗೆ ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಅದೇ ವ್ಯಕ್ತಿಗಳ ಸ್ನಾಯುಗಳು ಹೊಸದಾಗುತ್ತಲೇ ಇದ್ದವು. ಹಗ್ಗದ ಒಳತಿರುಳು ಮಾತ್ರ ಅವರು ಎತ್ತರ ಬೆಳೆಯುತ್ತಿದ್ದ ವರ್ಷಗಳದೇ! ಸುಮಾರು ಹದಿನೇಳು ವಯಸ್ಸಿನ ನಂತರ ಆ ತಿರುಳು ಬದಲಾಗುವುದೇ ಇಲ್ಲವೆನ್ನಬಹುದು. ಹೈಸ್ಕೂಲಿನಲ್ಲಿ ನೇಯ್ದ ಹಗ್ಗವೇ ಎಪ್ಪತ್ತರಲ್ಲೂ ಎಳೆಯಬೇಕು.

ಇದನ್ನು ಕೇಳಿ ಪಾಲಕರು ಹೆದರಿ ಮಕ್ಕಳನ್ನು ಮನೆಯಲ್ಲಿ ಕೂರಿಸಿದರೆ ಅದು ಇನ್ನೂ ದೊಡ್ಡ ತಪ್ಪು. ಹಗ್ಗ ಚೆನ್ನಾಗಿ ಬಲಿಯಬೇಕಾದರೆ ಆ ವಯಸ್ಸಿನಲ್ಲೇ ಓಡಬೇಕು, ಜಿಗಿಯಬೇಕು.

ಹಗ್ಗ ಹರಿಯಲೆಂದು ಹೊರಟ ವೈದ್ಯ

ಕಾಡುವ ಹಿಮ್ಮಡಿ ನೋವಿನ ಚಿಕಿತ್ಸೆಯನ್ನೇ ತಲೆಕೆಳಗು ಮಾಡಿದವರು ಸ್ವೀಡನ್ ದೇಶದ ಉತ್ತರದ ಉಮಿಯೊ ಎಂಬ ಊರಿನ ಮೂಳೆವೈದ್ಯ ಹಾಕನ್ ಆಲ್ಫ್ರೆಡ್ಸನ್. 1990ರ ದಶಕದಲ್ಲಿ ಅವರಿಗೇ ಈ ನೋವು ಗಂಟುಬಿದ್ದಿತ್ತು. ಹವ್ಯಾಸಕ್ಕೆ ಓಡುತ್ತಿದ್ದ ಅವರಿಗೆ ವಿಶ್ರಾಂತಿಯಿಂದಲೂ ಗುಣ ಕಾಣಲಿಲ್ಲ. ಆಪರೇಷನ್ ಮಾಡಿಬಿಡಿ ಎಂದು ತಮ್ಮ ಮೇಲಧಿಕಾರಿ ವೈದ್ಯರನ್ನು ಕೇಳಿಕೊಂಡರು. ಅವರು ಒಪ್ಪಲಿಲ್ಲ. ನೀವು ರಜೆಯ ಮೇಲೆ ಹೋದರೆ ಇಲ್ಲಿ ಕೆಲಸ ನಡೆಯುವುದು ಹೇಗೆ ಎಂಬುದು ಅವರ ಚಿಂತೆ. ಆಲ್ಫ್ರೆಡ್ಸನ್‌ರಿಗೆ ರೇಗಿತು. ಹಾಗಾದರೆ ಹಗ್ಗ ಪೂರ್ತಿ ಹರಿದೇ ಹೋಗಲಿ, ಆಗ ಆಪರೇಷನ್ ಮಾಡದೆ ಎಲ್ಲಿ ಹೋಗುತ್ತಾರೆ ಎಂದು, ನೋಯುವ ಕಾಲಿಗೇ ಬೇಕೆಂದು ಭಾರ ಹಾಕಿ ವ್ಯಾಯಾಮ ಮಾಡತೊಡಗಿದರು. ನೋವು ಬಂದಷ್ಟೂ ಹೆಚ್ಚು ಮಾಡಿದರು.

ಹಗ್ಗ ಹರಿಯಲಿಲ್ಲ. ಕೆಲವು ವಾರಗಳಲ್ಲಿ ನೋವೇ ಮಾಯವಾಯಿತು!

ಬೇರೆಯವರಾಗಿದ್ದರೆ ಅದೃಷ್ಟ ಎಂದು ಸುಮ್ಮನಾಗುತ್ತಿದ್ದರೇನೋ. ಅವರು ಅದನ್ನು ಪ್ರಯೋಗಕ್ಕೆ ಒಡ್ಡಿದರು. ಆಪರೇಷನ್‌ಗಾಗಿ ಕಾಯುತ್ತಿದ್ದ ಹದಿನೈದು ಮಂದಿ ಹವ್ಯಾಸಿ ಓಟಗಾರರಿಗೆ ಇದೇ ವ್ಯಾಯಾಮ ಕೊಟ್ಟರು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಲ್ಲಬೇಕು. ಒಳ್ಳೆಯ ಕಾಲಿನ ಬಲದಿಂದ ಮೇಲೇಳಬೇಕು. ಆಮೇಲೆ ಇಡೀ ಭಾರವನ್ನು ನೋಯುವ ಕಾಲಿಗೆ ವರ್ಗಾಯಿಸಿ, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಮೆಲ್ಲಗೆ ಇಳಿಸಬೇಕು. ಮಂಡಿ ನೇರವಾಗಿಟ್ಟು ಹದಿನೈದರಂತೆ ಮೂರು ಸಲ, ಮಂಡಿ ಬಗ್ಗಿಸಿ ಹದಿನೈದರಂತೆ ಮೂರು ಸಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ 180! ನೋವು ನಿಂತುಹೋದರೆ ಬೆನ್ನಿಗೆ ಭಾರದ ಚೀಲ. ವಾರದ ಏಳು ದಿನವೂ, ಹನ್ನೆರಡು ವಾರ. ಕೊನೆಗೆ ಹದಿನೈದಕ್ಕೆ ಹದಿನೈದು ಮಂದಿಯೂ ಮೊದಲಿನಂತೆ ಓಡತೊಡಗಿದರು. ವಿಶ್ರಾಂತಿ, ಮಾತ್ರೆ, ಬೂಟು ಬದಲಾವಣೆಗಳಂಥ ಮಾಮೂಲಿ ಚಿಕಿತ್ಸೆ ಪಡೆದಿದ್ದ ಇನ್ನೊಂದು ಹದಿನೈದು ಮಂದಿಯ ಗುಂಪಿನಲ್ಲಿ ಒಬ್ಬರಿಗೂ ಗುಣವಾಗದೆ ಎಲ್ಲರಿಗೂ ಆಪರೇಷನ್ ಆಯಿತು. 1998ರಲ್ಲಿ ಪ್ರಕಟವಾದ ಈ ಫಲಿತಾಂಶ ಕ್ರೀಡಾವೈದ್ಯರ ಕಣ್ಣು ತೆರೆಸಿತು. ಇಷ್ಟು ಚಿಕ್ಕ ಗುಂಪಿನ ಪ್ರಯೋಗವನ್ನು ಕೊನೆಯ ಮಾತೆಂದು ಯಾರೂ ಹೇಳರು. ನಂತರದ ಪ್ರಯೋಗಗಳಲ್ಲಿ ಎಲ್ಲರಿಗೂ ಇಷ್ಟು ಗುಣ ಸಿಗಲೂ ಇಲ್ಲ. ಅದರಲ್ಲೂ ಹಗ್ಗವು ಹಿಮ್ಮಡಿಯ ಎಲುಬಿಗೆ ಅಂಟುವ ಜಾಗದಲ್ಲೇ ನೋವಿದ್ದವರಿಗೆ ಈ ವಿಧಾನ ಅಷ್ಟಾಗಿ ಒಗ್ಗಲಿಲ್ಲ. ಲಿಯು ಷಿಯಾಂಗ್‌ನ ತೊಂದರೆ ಇದ್ದದ್ದು ಆ ಜಾಗದಲ್ಲೇ. ಆದರೆ ಹಗ್ಗಕ್ಕೆ ಬೇಕಾದದ್ದು ಬರೀ ವಿಶ್ರಾಂತಿಯಲ್ಲ, ಅಳತೆಯ ಕೆಲಸ ಎಂಬ ಮಾತು ಮಾತ್ರ ನಿಂತಿತು.

ಹಾಗಿದ್ದರೆ ವ್ಯಾಯಾಮ ಮಾಡುತ್ತಾ ಓಟವನ್ನೂ ಮುಂದುವರಿಸಬಹುದೇ? ಸ್ವೀಡನ್ನಿನದೇ ಇನ್ನೊಂದು ತಂಡ ಇದನ್ನು ನೇರವಾಗಿ ಪರೀಕ್ಷಿಸಿ 2007ರಲ್ಲಿ ಉತ್ತರ ಕೊಟ್ಟಿತು. ಹಿಮ್ಮಡಿ ಹಗ್ಗದ ನೋವಿದ್ದ 38 ಮಂದಿಯನ್ನು ಎರಡು ಗುಂಪು ಮಾಡಿದರು. ವ್ಯಾಯಾಮ ಇಬ್ಬರಿಗೂ ಒಂದೇ. ಒಂದು ಗುಂಪು ಮೊದಲ ಆರು ವಾರ ಓಟ, ಜಿಗಿತ ಬಿಟ್ಟಿತು. ಇನ್ನೊಂದು ಗುಂಪು ಓಡುತ್ತಲೇ ಇತ್ತು. ಆದರೆ ಮನಬಂದಂತೆ ಅಲ್ಲ; ಅದಕ್ಕೊಂದು ಕಟ್ಟಳೆ ಇತ್ತು. ನೋವಿಲ್ಲದಿದ್ದರೆ ಸೊನ್ನೆ, ತಡೆಯಲಾರದ ನೋವಿಗೆ ಹತ್ತು ಎಂದು ಅಂಕ ಹಾಕಿಕೊಳ್ಳಬೇಕು. ಓಡುವಾಗ ಐದು ದಾಟಬಾರದು. ಮರುದಿನ ಬೆಳಗಾಗುವ ಹೊತ್ತಿಗೆ ಹೆಚ್ಚಿದ ನೋವು ಇಳಿದಿರಬೇಕು. ವಾರದಿಂದ ವಾರಕ್ಕೆ ನೋವು, ಬೆಳಗಿನ ಬಿಗಿತ ಏರುತ್ತಾ ಹೋಗಬಾರದು. ಕೊನೆಯಲ್ಲಿ ನೋಡಿದರೆ ಎರಡೂ ಗುಂಪುಗಳು ಸುಧಾರಿಸಿದ್ದವು; ಓಡಿದವರಿಗೆ ಓಟದಿಂದ ಕೇಡಾಗಿರಲಿಲ್ಲ.

ಅವರೆಲ್ಲ ವಯಸ್ಕರು, ತಜ್ಞರ ಕಣ್ಗಾವಲಿನಲ್ಲಿದ್ದವರು. ಮಕ್ಕಳಿಗೆ ಐದು ಅಂಕದ ನೋವಿನ ಸಲುಗೆ ಕೊಡಬೇಕಾಗಿಲ್ಲ. ಆದರೆ 'ಮರುದಿನ ಬೆಳಗ್ಗೆ ಹೇಗಿದೆ?' ಎಂಬ ಪ್ರಶ್ನೆ ಯಾವ ಮನೆಯಲ್ಲೂ ಕೇಳಬಹುದಾದದ್ದು. ಹಾಸಿಗೆಯಿಂದ ಎದ್ದು ಇಡುವ ಮೊದಲ ಹತ್ತು ಹೆಜ್ಜೆಗಳು ಹಿಂದಿನ ದಿನದ ಓಟದ ಲೆಕ್ಕ ಒಪ್ಪಿಸುತ್ತವೆ.

ಎಲುಬು ಮಾತು ಕೇಳದು

ಇಷ್ಟು ಓದಿದ ಹುಡುಗ 'ಸರಿ, ನೋವಿದ್ದರೂ ಓಡಬಹುದಂತೆ' ಎಂದು ಮೈದಾನಕ್ಕೆ ಹೊರಟರೆ ಅವನನ್ನು ಬಾಗಿಲಲ್ಲೇ ತಡೆಯಬೇಕು. ಏಕೆಂದರೆ ಮೇಲೆ ಹೇಳಿದ್ದೆಲ್ಲ ಹಗ್ಗದ ಮಾತು. ಎಲುಬಿನ ಕತೆ ಬೇರೆ.

1855ರಲ್ಲಿ ಪ್ರಷ್ಯದ ಸೇನಾವೈದ್ಯ ಬ್ರೈಟ್‌ಹಾಪ್ಟ್ ಎಂಬವರು, ದೂರದ ನಡಿಗೆಗಳ ನಂತರ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಗಮನಿಸಿ ಬರೆದಿಟ್ಟರು. ಪೆಟ್ಟು ಬಿದ್ದಿಲ್ಲ, ಉಳುಕಿಲ್ಲ. ಆದರೂ ಹೆಜ್ಜೆ ಇಡಲಾಗದು. ಏನಿದು? 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆಯೇ ಗುಟ್ಟು ಒಡೆದದ್ದು. ಪಾದದ ಎಲುಬುಗಳಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು! ಇಂದು ಇದಕ್ಕೆ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಓಟಗಾರರಲ್ಲಿ ಇದು ಹೆಚ್ಚಾಗಿ ಮೊಣಕಾಲಿನ ಕೆಳಗಿನ ದಪ್ಪ ಎಲುಬಿನಲ್ಲಿ, ಪಾದದಲ್ಲಿ, ಕೆಲವೊಮ್ಮೆ ತೊಡೆಯ ಎಲುಬಿನಲ್ಲಿ ಕಾಣಿಸಿಕೊಳ್ಳುತ್ತದೆ.

ಎಲುಬು ಕಲ್ಲುಕಂಬವಲ್ಲ. ಅದು ಸದಾ ರಿಪೇರಿಯಲ್ಲಿರುವ ಮನೆ. ಹಳೆಯ ಎಲುಬನ್ನು ಕೊರೆದು ತೆಗೆಯುವ ಜೀವಕೋಶಗಳು ಒಂದು ತಂಡ; ಆ ಗುಂಡಿಗಳಿಗೆ ಹೊಸ ಎಲುಬು ತುಂಬುವ ಜೀವಕೋಶಗಳು ಇನ್ನೊಂದು ತಂಡ. ಕೊರೆಯುವ ಕೆಲಸ ಎರಡು ಮೂರು ವಾರಗಳಲ್ಲಿ ಮುಗಿದರೆ ತುಂಬುವುದಕ್ಕೆ ತಿಂಗಳುಗಳೇ ಬೇಕು. ಹೊಸದಾಗಿ ಜೋರು ಅಭ್ಯಾಸ ಆರಂಭಿಸಿದ ಮೂರು ನಾಲ್ಕನೆಯ ವಾರದಲ್ಲಿ ಎಲುಬು ಮೊದಲಿಗಿಂತ ದುರ್ಬಲವಾಗಿರುವುದು ಹೀಗಾಗಿ. ಕ್ರೀಡಾಕೂಟದ ಅಭ್ಯಾಸ ತುರುಸಾಗುವುದೂ ಸರಿಯಾಗಿ ಆಗಲೇ. ಗೋಡೆ ಒಡೆದು, ಹೊಸ ಇಟ್ಟಿಗೆ ಇಡುವ ಮುನ್ನವೇ ಅದರ ಮೇಲೆ ಮಾಳಿಗೆ ಕಟ್ಟಿದರೆ ಏನಾದೀತು?

ಎರಡನ್ನೂ ಗುರುತಿಸಲು ಕೆಲವು ಸುಳಿವುಗಳಿವೆ. ಹಗ್ಗದ ನೋವು ಬೆಳಗ್ಗೆ ಬಿಗಿಯಾಗಿದ್ದು, ಮೈ ಬೆಚ್ಚಗಾದಂತೆ ಸಡಿಲಗೊಂಡು, ಓಟ ಮುಗಿದ ಮೇಲೆ ಮತ್ತೆ ಬರುತ್ತದೆ. ಎಲುಬಿನ ನೋವು ಓಡಿದಷ್ಟೂ ಏರುತ್ತದೆ. ಬಲಿತರೆ ಮಲಗಿದಾಗಲೂ ಬಿಡುವುದಿಲ್ಲ. ಎಲ್ಲಿ ನೋವು ಎಂದು ಕೇಳಿದರೆ ಬೆರಳ ತುದಿಯಿಂದ 'ಇಲ್ಲೇ' ಎಂದು ಒಂದು ಬಿಂದುವನ್ನು ತೋರಿಸಬಲ್ಲರು. ಆ ಕಾಲಿನ ಮೇಲೆ ಕುಂಟಾಬಿಲ್ಲೆ ಆಡುವಂತೆ ಹಾರಿದರೆ ಮುಖ ಕಿವುಚುತ್ತಾರೆ. ಮೊಣಕಾಲಿನ ಕೆಳಗೆ ಒಳಬದಿಯ ಎಲುಬಿನ ಅಂಚಿಗೆ ಗೇಣಿನ ಅರ್ಧದಷ್ಟು ಉದ್ದಕ್ಕೂ ನೋವು ಹರಡಿದ್ದರೆ ಅದು ಬಿರುಕಾಗಿರುವ ಸಂಭವ ಕಡಿಮೆ; ಓಟವನ್ನು ತಗ್ಗಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಬಿಂದುವಿನಂತೆ ನೋಯುತ್ತಿದ್ದರೆ ಓಟ ಅಲ್ಲಿಗೇ ನಿಲ್ಲಬೇಕು, ವೈದ್ಯರು ನೋಡಬೇಕು. ಮೊದಲ ಕೆಲವು ವಾರ ಎಕ್ಸ್-ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. 'ಎಕ್ಸ್-ರೇ ತೆಗೆಸಿದೆವು, ಏನೂ ಇಲ್ಲವಂತೆ' ಎಂದು ಮತ್ತೆ ಓಡಿಸಿ ಕೆಟ್ಟವರು ಬಹಳ ಮಂದಿ. ಎಣ್ಣೆ ಹಚ್ಚಿ ನೀವುವುದರಿಂದಂತೂ ಬಿರುಕು ಕೂಡುವುದಿಲ್ಲ. ಸಕಾಲದಲ್ಲಿ ನಿಲ್ಲಿಸಿದರೆ ಹೆಚ್ಚಿನವು ಆರೆಂಟು ವಾರಗಳಲ್ಲಿ ತಾವಾಗಿ ಕೂಡುತ್ತವೆ. ಅಷ್ಟು ದಿನ ಸೈಕಲ್ ತುಳಿಯಬಹುದು, ಈಜಬಹುದು. ಉಸಿರಿನ ಶಕ್ತಿ ಕುಂದುವುದಿಲ್ಲ.

ಲಿಯು ಓಡದೆ ಹಿಂದಿರುಗಿದ ಅದೇ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಅದರ ಹಿಂದಿನ ದಿನ, ಮಹಿಳೆಯರ ಮ್ಯಾರಥಾನ್ ನಡೆಯಿತು. ಆಗಿನ ವಿಶ್ವದಾಖಲೆಯ ಒಡತಿ ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಬಂದದ್ದು 23ನೆಯವರಾಗಿ. ಕೆಲವು ತಿಂಗಳ ಹಿಂದೆ ಅವರ ಎಡ ತೊಡೆಯ ಎಲುಬಿನಲ್ಲಿ ಇಂಥದೇ ಬಿರುಕು ಬಿಟ್ಟಿತ್ತು.

ಇದಕ್ಕೆ ವಿರುದ್ಧವಾದ ಒಂದು ಕತೆ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನ 4x400 ಮೀಟರ್ ರಿಲೇಯಲ್ಲಿ ಅಮೆರಿಕದ ಮ್ಯಾಂಟಿಯೊ ಮಿಚೆಲ್ ಅರ್ಧ ಸುತ್ತು ಮುಗಿಸುವಷ್ಟರಲ್ಲಿ ಅವನ ಎಡಗಾಲಿನ ಎಲುಬು ಮುರಿಯಿತು. ಆದರೂ ನಿಲ್ಲದೆ ಸುಮಾರು 46 ಸೆಕೆಂಡುಗಳಲ್ಲಿ ಸುತ್ತು ಮುಗಿಸಿ ಬ್ಯಾಟನ್ ಕೊಟ್ಟ. ತಂಡ ಫೈನಲ್ ತಲುಪಿ ಬೆಳ್ಳಿ ಗೆದ್ದಿತು. ಮೈನವಿರೇಳಿಸುವ ಸಂಗತಿಯೇ. ಆದರೆ ಮುರಿದದ್ದು ಯಾವ ಎಲುಬು? ಮೊಣಕಾಲಿನ ಕೆಳಗಿನ ಎರಡು ಎಲುಬುಗಳಲ್ಲಿ ಹೊರಬದಿಯ ತೆಳುವಾದ ಫಿಬುಲ. ದೇಹದ ಭಾರದಲ್ಲಿ ಅದರ ಪಾಲು ಆರನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಪಕ್ಕದ ದಪ್ಪ ಎಲುಬು ಮುರಿದಿದ್ದರೆ ಎಂಥ ಧೈರ್ಯಶಾಲಿಯೂ ಮುಂದಿನ ಹೆಜ್ಜೆಗೇ ನೆಲಕ್ಕೆ ಬೀಳುತ್ತಿದ್ದ.

ಬೆಳೆಯುವ ಕಾಲು

ಮಕ್ಕಳ ಕಾಲಿನಲ್ಲಿ ಇನ್ನೊಂದು ವಿಶೇಷವಿದೆ. ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಗ್ಗ ಎಳೆದಾಗ ಹಗ್ಗಕ್ಕಿಂತ ಮೊದಲು ಅದು ಅಂಟಿರುವ ಈ ಮೆತ್ತನೆಯ ಜಾಗವೇ ನೋಯುತ್ತದೆ. ಎಂಟರಿಂದ ಹದಿನಾಲ್ಕು ವಯಸ್ಸಿನವರ ಹಿಮ್ಮಡಿ ನೋವಿಗೆ ಇದೇ ಮುಖ್ಯ ಕಾರಣ. 1912ರಲ್ಲಿ ಅಮೆರಿಕದ ವೈದ್ಯ ಸೀವರ್ ಇದನ್ನು ವಿವರಿಸಿದರು. ಮೊಣಕಾಲು ಚಿಪ್ಪಿನ ಕೆಳಗೆ ಗುಬ್ಬಿಯಂತೆ ಉಬ್ಬಿ ನೋಯುವ ಇದರ ಅಣ್ಣತಮ್ಮನಂಥ ತೊಂದರೆಯನ್ನು 1903ರಲ್ಲಿ ಆಸ್‌ಗುಡ್ ಮತ್ತು ಶ್ಲಾಟರ್ ಬೇರೆ ಬೇರೆಯಾಗಿ ಗುರುತಿಸಿದ್ದರು. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ಓಟ, ಜಿಗಿತಗಳನ್ನು ಕೆಲವು ವಾರ ತಗ್ಗಿಸಿದರೆ ನೋವು ತಗ್ಗುತ್ತದೆ. ಬೆಳವಣಿಗೆ ನಿಂತಾಗ ತಾನಾಗಿ ಹೊರಟುಹೋಗುತ್ತದೆ. ಪೂರ್ತಿ ಹಾಸಿಗೆ ಹಿಡಿಸುವುದೂ ಬೇಡ, ನೋವು ಲೆಕ್ಕಿಸದೆ ಓಡಿಸುವುದೂ ಬೇಡ.

ಹೆಣ್ಣುಮಕ್ಕಳ ವಿಷಯದಲ್ಲಿ ತಾಯಂದಿರು ಇನ್ನೊಂದನ್ನು ಗಮನಿಸಬೇಕು. ಓಟ ಹೆಚ್ಚಾಗಿ, ಊಟ ಅದಕ್ಕೆ ತಕ್ಕಷ್ಟು ಹೆಚ್ಚದಿದ್ದರೆ ಮುಟ್ಟು ತಪ್ಪುತ್ತದೆ. ಅದರ ಹಿಂದೆಯೇ ಎಲುಬೂ ಸೊರಗುತ್ತದೆ. ಮೇಲಿಂದ ಮೇಲೆ ಬಿರುಕು ಬಿಡುವ ಓಟಗಾರ್ತಿಯರಲ್ಲಿ ಹಲವರ ನಿಜವಾದ ಕಾಯಿಲೆ ಕಾಲಿನದಲ್ಲ, ಬೆಳಗಿನ ತಿಂಡಿಯದು.

ಇನ್ನು ಮಾತ್ರೆ. ನೋವು ಕೊಲ್ಲುವ ಮಾತ್ರೆ ನುಂಗಿ ಓಡುವುದು ಅತಿ ಸುಲಭದ, ಅತಿ ಕೆಟ್ಟ ದಾರಿ. ಮರುದಿನ ಬೆಳಗ್ಗೆ ಕಾಲು ಹೇಳಬೇಕಾದ ಮಾತನ್ನು ಅದು ಬಾಯಿ ಮುಚ್ಚಿಸಿಬಿಡುತ್ತದೆ. ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ, ಅದರಲ್ಲೂ ಬಿಸಿಲಿನಲ್ಲಿ ಬೆವರಿ ನೀರು ಕಡಿಮೆಯಾದಾಗ. ಮೇಲೆ ಹೇಳಿದ ರ‍್ಯಾಡ್‌ಕ್ಲಿಫ್ ಅವರೇ 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಎರಡು ವಾರವಿದ್ದಾಗ ಕಾಲಿಗೆ ಗಾಯವಾಗಿ ಉರಿಯೂತ ತಗ್ಗಿಸುವ ಔಷಧಿಗಳನ್ನು ಬಹಳವಾಗಿ ತೆಗೆದುಕೊಂಡಿದ್ದರು. ಹೊಟ್ಟೆ ಕೆಟ್ಟಿತು, ತಿಂದದ್ದು ಮೈಗೆ ಹತ್ತಲಿಲ್ಲ. 36ನೆಯ ಕಿಲೋಮೀಟರ್ ಹೊತ್ತಿಗೆ, ಗೆಲ್ಲುವಳೆಂದು ಎಲ್ಲರೂ ನಂಬಿದ್ದ ಆಕೆ ರಸ್ತೆಯ ಅಂಚಿನಲ್ಲಿ ಕುಳಿತು ಅಳುತ್ತಿದ್ದರು.

ಅಪರೂಪಕ್ಕೊಮ್ಮೆ ಕಾಲುನೋವು ಓಟಕ್ಕೆ ಸಂಬಂಧವೇ ಇಲ್ಲದ ಕಾಯಿಲೆಯ ಮುನ್ಸೂಚನೆಯಾಗಿರುತ್ತದೆ. ಕೆನಡಾದ ಟೆರಿ ಫಾಕ್ಸ್ ಎಂಬ ಹುಡುಗನಿಗೆ 1976ರ ಕೊನೆಯಲ್ಲಿ ಬಲ ಮೊಣಕಾಲು ನೋಯತೊಡಗಿತು. ಬ್ಯಾಸ್ಕೆಟ್‌ಬಾಲ್ ಋತು ಮುಗಿಯಲಿ ಎಂದು ಅವನು ಸುಮ್ಮನಿದ್ದ. 1977ರ ಮಾರ್ಚ್‌ನಲ್ಲಿ ಅದು ಮೂಳೆಯ ಕ್ಯಾನ್ಸರ್ ಎಂದು ತಿಳಿಯಿತು. ಹದಿನೆಂಟರ ಹುಡುಗ ಕಾಲು ಕಳೆದುಕೊಂಡ. ಕೃತಕ ಕಾಲಿನಲ್ಲಿ 1980ರಲ್ಲಿ 143 ದಿನ, 5373 ಕಿಲೋಮೀಟರ್ ಓಡಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ ಅವನ ಕತೆ ಲೋಕಕ್ಕೇ ಗೊತ್ತು. ಆ ಮೊದಲ ಕೆಲವು ತಿಂಗಳ ಮೌನ ಅಷ್ಟಾಗಿ ಗೊತ್ತಿಲ್ಲ. ಇಂಥದು ಬಹಳ, ಬಹಳ ಅಪರೂಪ. ಆದರೂ ರಾತ್ರಿ ನಿದ್ದೆಯಿಂದ ಎಬ್ಬಿಸುವ, ಒಂದೇ ಕಾಲಿನ, ಊತವಿರುವ, ಓಟ ಬಿಟ್ಟರೂ ಬಿಡದ ನೋವನ್ನು ಪರೀಕ್ಷೆ ಮುಗಿಯಲಿ, ಆಟ ಮುಗಿಯಲಿ ಎಂದು ಮುಂದೂಡಬಾರದು.

ಹಿಂದಿರುಗಿದವರು

ಸೋಲ್ ನಗರದಲ್ಲಿ 1986ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ ಗೆದ್ದ ಪಿ.ಟಿ. ಉಷಾ, ಎರಡೇ ವರ್ಷಗಳ ನಂತರ ಅದೇ ನಗರದ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಹಿಮ್ಮಡಿಯ ನೋವಿನಲ್ಲೇ ಓಡಿದ್ದರು. ಅಂದು ಆಕೆಗೆ ಕೇಳಿಸಿದ ಮಾತುಗಳು ಒಂದೆರಡಲ್ಲ. 1989ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಅಥ್ಲೆಟಿಕ್ಸ್‌ನಲ್ಲಿ ಮತ್ತೆ ನಾಲ್ಕು ಚಿನ್ನ ಗೆದ್ದಾಗ ಆ ಬಾಯಿಗಳು ಮುಚ್ಚಿದವು.

ಲಿಯು ಷಿಯಾಂಗ್ ಕೂಡ ಹಿಂದಿರುಗಿದ. 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಅವನ ಹಿಮ್ಮಡಿಗೆ ಶಸ್ತ್ರಚಿಕಿತ್ಸೆಯಾಯಿತು. ಒಂಬತ್ತು ತಿಂಗಳ ನಂತರ ತನ್ನ ಊರು ಶಾಂಘೈಯಲ್ಲಿ ಓಡಿ ಎರಡನೆಯವನಾದ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. 2012ರ ಬೇಸಿಗೆಯಲ್ಲಿ, ಹಿಂಬದಿಯ ಗಾಳಿಯ ನೆರವಿತ್ತೆನ್ನಿ, 12.87 ಸೆಕೆಂಡುಗಳಲ್ಲಿ ಓಡಿದ. ಅವನ ಹಳೆಯ ದಾಖಲೆಗಿಂತ ವೇಗ! ಆದರೆ ಹಗ್ಗ ಮತ್ತೆ ನೋಯತೊಡಗಿತ್ತು.

2012ರ ಆಗಸ್ಟ್ 7, ಲಂಡನ್. ಮತ್ತೆ ಮೊದಲ ಸುತ್ತು. ಈ ಸಲ ಲಿಯು ಹೊರಟ. ಮೊದಲ ಹರ್ಡಲ್ ದಾಟಲು ನೆಲ ಒದೆಯುವಾಗಲೇ ಬಲಗಾಲಿನ ಹಗ್ಗ ಕಿತ್ತುಹೋಯಿತು. ಹರ್ಡಲ್‌ಗೆ ಬಡಿದು ಬಿದ್ದ. ಎದ್ದು, ಒಳದಾರಿಯತ್ತ ಹೋದವನು ಮತ್ತೆ ಹಿಂದಿರುಗಿದ. ಓಟದ ಪಥದ ಬದಿಯಲ್ಲಿ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಾ ಕೊನೆಯ ಹರ್ಡಲ್‌ವರೆಗೆ ಹೋದ. ಬಾಗಿ ಅದಕ್ಕೆ ಮುತ್ತಿಟ್ಟ. ಗೆರೆಯಾಚೆ ಕಾಯುತ್ತಿದ್ದ ಇತರ ಓಟಗಾರರು ಅವನ ತೋಳುಗಳನ್ನು ಹಿಡಿದು ಗಾಲಿಕುರ್ಚಿಯತ್ತ ನಡೆಸಿದರು. ಆಮೇಲೆ ಅವನು ಯಾವ ದೊಡ್ಡ ಸ್ಪರ್ಧೆಯಲ್ಲೂ ಓಡಲಿಲ್ಲ. 2015ರ ಏಪ್ರಿಲ್ 7ರಂದು ನಿವೃತ್ತಿ ಘೋಷಿಸಿದಾಗ ಅವನ ವಯಸ್ಸು 31.